ಶೇಂಗಾ ಸಿಪ್ಪೆಯ ಅಕ್ಷರ

ಹುರಿದ ಶೇಂಗಾವನ್ನು ಅಂಗೈಯಲ್ಲಿ ತಿಕ್ಕಿ ಸಿಪ್ಪೆ ಬಿಡಿಸುತ್ತ ಕೂತಿದ್ದೆ. ಮೊರದಲ್ಲಿ ಅರ್ಧ ಬೆಳ್ಳಗಾಗಿತ್ತು, ಅರ್ಧ ಇನ್ನೂ ಕೆಂಪಗಿತ್ತು. ಆಗ ನಾಸಿಕದಿಂದ ಮಗಳ ಫೋನು ಬಂತು.

"ಅಮ್ಮಾ, ಮಾವಶಿ ಗೇಲೀ."

ಅಳು ಬಂದರೆ ನನ್ನ ಮಗಳ ಬಾಯಿಗೆ ಮರಾಠಿಯೇ ಬರುವುದು. ಮಾವಶಿ, ಅಂದರೆ ಚಿಕ್ಕಮ್ಮ, ಹೋದಳು ಅಂತ. ಮುಂಜಾನೆ ಸ್ನಾನ ಮಾಡಿ ಪೂಜೆಗೆ ಕೂತಾಕೆ ಹಾಗೆಯೇ ಗೋಡೆಗೆ ಒರಗಿದಳಂತೆ. ಕೈಯಲ್ಲಿ ಬಿಲ್ವಪತ್ರಿ ಇತ್ತಂತೆ.

"ಶಿವ ಶಿವಾ" ಎಂದೆ. ದೇವರು ನೋಡುತ್ತಿರುತ್ತಾನೆ, ಸುಳ್ಳು ಬರೆಯಲಾರೆ. ನನ್ನ ಮನಸ್ಸಿಗೆ ಮೊದಲು ಬಂದದ್ದು ದುಃಖವಲ್ಲ. ನಾನು ಹೋದ ದಿನ ಈ ಹುಡುಗಿ ಇಷ್ಟು ಅಳುತ್ತಾಳೋ ಇಲ್ಲವೋ ಎಂಬ ಯೋಚನೆ ಬಂತು. ಎರಡನೆಯದಾಗಿ, ಸಾವು ಕೂಡ ಆಕೆಗೆ ಎಷ್ಟು ಚಂದದ್ದು ಸಿಕ್ಕಿತಲ್ಲ ಎಂದುಕೊಂಡೆ. ಮೂರನೆಯದಕ್ಕೆ ಕಣ್ಣೀರು ಬಂತು.

ಸ್ವಂತ ಚಿಕ್ಕಮ್ಮನಲ್ಲ, ಆಕೆ ಮೊದಲು ನಮ್ಮ ಎದುರು ಮನೆಯಲ್ಲಿದ್ದಾಕೆ. ಸಂಭಾಜಿನಗರದ ನಮ್ಮ ಕಾಲೊನಿಯ ಮೂರನೇ ಮಾಳಿಗೆಯಲ್ಲಿ ನಮ್ಮದೂ ಅವರದೂ ಎದುರುಬದುರು ಬಾಗಿಲು. ನಮ್ಮ ಊರು ಬೀದರ ಕಡೆ, ಆಕೆಯದು ಕಲಬುರಗಿ ಕಡೆ. ಗಂಡನಿಗೆ ಕೇಂದ್ರ ಸರ್ಕಾರದ ನೌಕರಿ, ಬದಲಿಯಾಗಿ ಬಂದವರು. ಮಕ್ಕಳಿರಲಿಲ್ಲ. ಆಕೆ ನನ್ನನ್ನು "ಅಕ್ಕಾರ" ಅನ್ನುತ್ತಿದ್ದಳು, ನಾನೂ ಆಕೆಯನ್ನು "ಅಕ್ಕಾರ" ಅನ್ನುತ್ತಿದ್ದೆ. ಇಬ್ಬರಲ್ಲಿ ಯಾರು ದೊಡ್ಡವರು ಎಂಬುದು ಕೊನೆಯವರೆಗೂ ತೀರ್ಮಾನವಾಗಲಿಲ್ಲ. ಎದುರಿಗೆ ಆಕೆಗೆ ನಾನು 'ರೀ' ಹಚ್ಚದೆ ಮಾತಾಡಿದವಳಲ್ಲ. ಮನಸ್ಸಿನೊಳಗೆ ಮಾತ್ರ ಒಂದು ದಿನವೂ ಹಚ್ಚಲಿಲ್ಲ. ಇಲ್ಲಿ ಮನಸ್ಸಿನಲ್ಲಿ ಇದ್ದಂತೆಯೇ ಬರೆಯುತ್ತೇನೆ. ಹೆಸರು ಬರೆಯುವುದಿಲ್ಲ. ಅದನ್ನು ಒಂದು ಸಲ ಸರಿಯಾಗಿ ಬರೆದಾಗಿದೆ.

ಮೊದಲು ಗುರುತಾದದ್ದೂ ಶೇಂಗಾದಿಂದಲೇ. ಹಿಂಡಿ, ಅಂದರೆ ಚಟ್ನಿಪುಡಿ, ಮಾಡಲೆಂದು ಬಾಗಿಲ ಮುಂದೆ ಕೂತು ಶೇಂಗಾ ಕೇರುತ್ತಿದ್ದೆ. ಸಿಪ್ಪೆ ಹಾರಿ ಆಕೆಯ ಹೊಸ್ತಿಲವರೆಗೆ ಹೋಗಿತ್ತು. ಈಗ ಬೈಯುತ್ತಾಳೆ ಎಂದುಕೊಂಡೆ. ಆಕೆ ಒಂದು ಬುಟ್ಟಿ ಹಿಡಿದು ಬಂದಳು.

"ಸಿಪ್ಪಿ ಒಗೀಬ್ಯಾಡ್ರಿ ಅಕ್ಕಾರ, ನನಗ ಬೇಕಾಗ್ಯಾವ."

"ಸಿಪ್ಪಿ ತಗೊಂಡು ಏನ್ ಮಾಡ್ತೀರಿ? ಮೂರನೇ ಮಾಳಿಗ್ಯಾಗ ದನ ಕಟ್ಟೀರೇನು?"

"ಅಕ್ಷರಕ್ಕ ಮುಪ್ಪು ಬರಸ್ತೀನ್ರಿ."

ತಲೆ ಕೆಟ್ಟಿದೆ ಅಂತ ತಿಳಿದೆ. ಒಳಗೆ ಕರೆದು ತೋರಿಸಿದಳು. ಆಕೆಯ ತಂದೆ ಊರಲ್ಲಿ ಅಂಗಡಿ, ಲಾರಿಗಳಿಗೆ ಬೋರ್ಡು ಬರೆಯುತ್ತಿದ್ದವರು. ತಂದೆಯ ಕೈ ಮಗಳಿಗೆ ಬಂದಿತ್ತು. ಆದರೆ ಆಕೆಗೆ ಹೊಸ ಬೋರ್ಡಿನ ಮೇಲೆ ಮನಸ್ಸಿರಲಿಲ್ಲ. ಹತ್ತು ವರ್ಷ ಬಿಸಿಲು ತಿಂದು, ಬಣ್ಣ ಎದ್ದು, ಅರ್ಧ ಉದುರಿದ ಬೋರ್ಡಿನ ಅಕ್ಷರ ಆಕೆಗೆ ಬೇಕು. ಹತ್ತು ವರ್ಷ ಯಾರು ಕಾಯುತ್ತಾರೆ? ಅದಕ್ಕೆ ಆಕೆಯದೇ ಒಂದು ಪದ್ಧತಿ. ದಪ್ಪ ರಬ್ಬರಿನಲ್ಲಿ ಅಕ್ಷರವನ್ನು ಉಲ್ಟಾ ಕೊರೆಯುವುದು, ಅದಕ್ಕೆ ಶಾಯಿ ಬಳಿಯುವುದು, ಕಾಗದದ ಮೇಲೆ ಶೇಂಗಾ ಸಿಪ್ಪೆ ಉದುರಿಸಿ ಅದರ ಮೇಲೆ ಅಚ್ಚು ಒತ್ತುವುದು. ಒಣಗಿದ ಮೇಲೆ ಉಫ್ ಎಂದು ಊದಿದರೆ ಸಿಪ್ಪೆ ಇದ್ದಲ್ಲೆಲ್ಲ ಬಿಳಿ ಉಳಿಯುತ್ತಿತ್ತು. ಆಮೇಲೆ ಪಾತ್ರೆ ತಿಕ್ಕುವ ತೆಂಗಿನ ನಾರಿನಿಂದ ಒಂದೆರಡು ಗೀರು.

ಆ ಅಕ್ಷರಗಳು ದಪ್ಪ, ಗಿಡ್ಡ, ಎತ್ತಿನ ಬೆನ್ನಿನ ಹಾಗೆ ಗಟ್ಟಿ. ಅಂಚು ಮಾತ್ರ ಒಂದೂ ನೆಟ್ಟಗಿಲ್ಲ, ಕೈಯಲ್ಲಿ ಬಡಿದ ರೊಟ್ಟಿಯ ಅಂಚಿನ ಹಾಗೆ. ಮೈತುಂಬ ಸಣ್ಣ ಚುಕ್ಕಿ, ನಡುನಡುವೆ ಬಿರುಕು. ನಿನ್ನೆ ಬರೆದದ್ದು, ಆದರೆ ಯಾರೋ ಮುತ್ತಜ್ಜ ಬರೆದು ಹೋದಂತೆ ಕಾಣುತ್ತಿತ್ತು. ನನಗೆ ಸೇರಲಿಲ್ಲ. ಅಕ್ಷರ ಅಂದರೆ ಸರಸ್ವತಿ. ಆ ತಾಯಿಗೆ ಬೇಕೆಂದೇ ಸಿಡುಬು ಬರಿಸುವುದೇ?

ನನ್ನದು ದುಂಡು ಅಕ್ಷರ. ಶಾಲೆಯಲ್ಲಿ ಅದಕ್ಕೇ ಬಹುಮಾನ ಬಂದಿತ್ತು, ಮತ್ತೆ ಯಾವುದಕ್ಕೂ ಬರಲಿಲ್ಲ. ಇಲ್ಲಿಯ ನಮ್ಮ ಕನ್ನಡ ಹೆಣ್ಣುಮಕ್ಕಳ ಬಳಗದಲ್ಲಿ ಶ್ರಾವಣದ ಕಡೆಯ ಸೋಮವಾರ ಭಜನೆ, ಪ್ರಸಾದ ಇರುತ್ತದೆ. ಕೆಂಪು ಬಟ್ಟೆಯ ಮೇಲೆ ಬಿಳಿ ಬಣ್ಣದಿಂದ 'ಓಂ ನಮಃ ಶಿವಾಯ' ಎಂದು ಹನ್ನೊಂದು ಶ್ರಾವಣ ಬರೆದವಳು ನಾನು. ಒಂದು ಹನಿ ಆಚೀಚೆ ಚೆಲ್ಲಿದವಳಲ್ಲ. ದಿನವೂ ದೀಪ ಹಚ್ಚುವಾಗ ಆ ದಿನ ದೇವರು ಕೊಟ್ಟ ಐದು ಸಣ್ಣ ಕೃಪೆಗಳನ್ನು ಬೆರಳಲ್ಲಿ ಎಣಿಸುವುದು ನನ್ನ ರೂಢಿ. ನಲ್ಲಿಯಲ್ಲಿ ನೀರು ಬಂತು, ಹಾಲು ಉಕ್ಕಲಿಲ್ಲ, ಮನೆಯವರ ಮೊಣಕಾಲು ನೋಯಲಿಲ್ಲ, ಇಂಥವು. ಬ್ಯಾನರ್ ಬರೆದ ದಿನ ಮಾತ್ರ ಐದೂ ಬೆರಳಿಗೆ ಒಂದೇ ಕೃಪೆ. ಅದು ನನ್ನ ಕೈ.

ಆಕೆ ಬಂದ ಮೇಲೆ ನನ್ನ ಮನೆಯವರೆಲ್ಲ ಒಬ್ಬೊಬ್ಬರಾಗಿ ಆ ಬಾಗಿಲಿಗೆ ಹೋದರು. ಮೊದಲು ನಮ್ಮವರೇ. ಅವರಿಗೆ ವಾಳೂಜದ ಒಂದು ಕಾರ್ಖಾನೆಯಲ್ಲಿ ಕೆಲಸ. ಅಲ್ಲಿ ಕತ್ತರಿಸಿ ಉಳಿದ ಗ್ಯಾಸ್ಕೆಟ್ ರಬ್ಬರಿನ ತುಂಡು ಅಕ್ಷರ ಕೊರೆಯಲು ಬಹಳ ಚಲೋ ಎಂದು ಆಕೆ ಅಂದದ್ದೇ ತಡ, ವಾರಕ್ಕೊಂದು ಚೀಲ ಬರತೊಡಗಿತು.

"ಮೂರು ತಿಂಗಳಿಂದ ಕುಕ್ಕರಿಗೆ ಒಂದು ರಬ್ಬರ್ ತರ್ರಿ ಅಂದೀನಿ" ಎಂದೆ.

"ಅದು ಬ್ಯಾರೆ ರಬ್ಬರ್ ಮಾರಾಯ್ತಿ" ಎಂದರು.

ಆಮೇಲೆ ಮಗಳು. ನನ್ನ ಮಗಳು ಇಲ್ಲೇ ಹುಟ್ಟಿ ಬೆಳೆದಾಕೆ. ಕನ್ನಡ ತಿಳಿಯುತ್ತಿತ್ತು, ಆಡಲು ತಡವರಿಸುತ್ತಿದ್ದಳು, ಓದಲು ಬರೆಯಲು ಬರುತ್ತಲೇ ಇರಲಿಲ್ಲ. ಪಾಟಿ ಹಿಡಿಸಿ ಮೂರು ವರ್ಷ ತಿದ್ದಿಸಿದ್ದೆ. ಬೈದೆ, ಹೊಡೆದೆ, ಶೇಂಗಾ ಹೋಳಿಗೆಯ ಆಸೆ ತೋರಿಸಿದೆ. ಹತ್ತಲಿಲ್ಲ. ಆಕೆಯ ಮನೆಯಲ್ಲಿ ರಬ್ಬರು ಕೊರೆಯುತ್ತ ಎರಡೇ ತಿಂಗಳಲ್ಲಿ ವರ್ಣಮಾಲೆ ಕಲಿತಳು. ಅದೂ ಉಲ್ಟಾ ಕೊರೆದು. ಒಂದು ದಿನ ನನ್ನ ವಚನದ ಪುಸ್ತಕ ತೆಗೆದು ತೊದಲುತ್ತ ಒಂದು ಸಾಲು ಓದಿದಳು. ಬೇರೆ ತಾಯಿಯಾದರೆ ಆಕೆಯ ಕಾಲಿಗೆ ಬೀಳುತ್ತಿದ್ದಳು. ನಾನು ಅಡುಗೆ ಮನೆಗೆ ಹೋಗಿ ಪಾಟಿಯನ್ನು ಅಟ್ಟದ ಮೇಲೆ ಎಸೆದೆ.

ಚಿತ್ರದ ಕಾಲೇಜಿಗೆ ಸೇರಿದ ಮೇಲೆ ಮಗಳು ಆ ಅಚ್ಚುಗಳನ್ನೆಲ್ಲ ಕಂಪ್ಯೂಟರಿಗೆ ಹತ್ತಿಸಿ ಫಾಂಟ್ ಮಾಡಿದಳು. ಕನ್ನಡದ್ದೊಂದು, ಮರಾಠಿಯದ್ದೊಂದು. ಅದನ್ನು ಮಾಡುವಾಗ ಇಬ್ಬರೂ ದಿನಗಟ್ಟಲೆ ಜಗಳಾಡುವರು. ನಾನು ಚಹಾ ಕೊಡುವ ನೆವದಲ್ಲಿ ಹೋಗಿ ನಿಲ್ಲುತ್ತಿದ್ದೆ. ಆಕೆ ಒಮ್ಮೆ ಕಂಪ್ಯೂಟರಿನ ಮೇಲೆ ಬೆರಳಿಟ್ಟು ಕೇಳಿದಳು: "ಎರಡು ಲ ಜೋಡಿ ಬಂದಾವ. ಎರಡಕ್ಕೂ ಒಂದೇ ಜಾಗದಾಗ ಬಿರುಕು. ಅವಳಿ ಮಕ್ಕಳಾದ್ರೂ ಒಂದೇ ಕಡಿ ಗಾಯ ಆಗ್ತದೇನವಾ? ನೋಡಿದಾಕಿ ಸುಳ್ಳು ಅಂತಾಳ." ಅದಕ್ಕೆಂದು ಒಂದೊಂದು ಅಕ್ಷರಕ್ಕೆ ಮೂರು ಮೂರು ರೂಪ ಮಾಡಿದರು. ಮೂರಕ್ಕೂ ಬೇರೆ ಬೇರೆ ಗಾಯ.

ಹಳೆಯದಾಗಿ ಕಾಣುವ ಅಕ್ಷರಕ್ಕೆ ಇಷ್ಟು ಗಿರಾಕಿ ಇದ್ದಾರೆಂದು ನನಗೆ ಗೊತ್ತಿರಲಿಲ್ಲ. ದೌಲತಾಬಾದಿನ ರಸ್ತೆಯಲ್ಲಿ ಸೀತಾಫಲದ ರಬಡಿ ಮಾರುವವನು ಹಾಕಿಸಿಕೊಂಡ. ಗುಡ್ಡ ಹತ್ತುವ ಹುಡುಗರು ಅಂಗಿಯ ಮೇಲೆ ಹಾಕಿಸಿಕೊಂಡರು. ನಾಸಿಕದಲ್ಲಿ ಒಲೆಯ ಮೇಲೆ ಮಿಸಳ ಮಾಡುವ ಹೋಟೆಲಿನವನು ಬಾಗಿಲಗಲ ಹಾಕಿಸಿಕೊಂಡ. ಆಕೆ ಕೆಲವರಿಗೆ ಕೊಡುತ್ತಲೂ ಇರಲಿಲ್ಲ. ಪೈಠಣಿ ಸೀರೆಯ ಅಂಗಡಿಯವನು ಬಂದಾಗ, "ನಿಮಗ ಬ್ಯಾಡ್ರಿ, ಸೀರಿಗಿ ನುಸಿ ಹತ್ತಿದಂಗ ಕಾಣ್ತದ" ಎಂದು ಚಹಾ ಕುಡಿಸಿ ಕಳಿಸಿದಳು. ನೂರು ವರ್ಷದ ವಾಡೆಯ ಬಾಗಿಲಿಗೆ ಬೇಕೆಂದು ಬಂದವನಿಗೆ, "ಹೊಸದಕ್ಕ ಹಾಕ್ರಿ, ಹಳೇದಕ್ಕ ಯಾಕ? ಮುದುಕಿ ಸುಕ್ಕು ಬರಕೊಂಡಂಗ ಆಗ್ತದ" ಎಂದಳು. ಮಗಳು ಒಮ್ಮೆ ಅದರಲ್ಲೇ ಚೀಟಿ ಬರೆಯಹೋದಾಗ, "ಸಣ್ಣದು ಮಾಡಿದ್ರ ನೊಣ ಕೂತಂಗ ಕಾಣ್ತದ, ಇದು ದೂರದಿಂದ ನೋಡೋದು" ಎಂದು ಅಳಿಸಿ ಹಾಕಿಸಿದಳು.

ಮತ್ತೊಂದು ಮಾತು ನನಗೊಬ್ಬಳಿಗೇ ಹೇಳಿದ್ದು. ಮೆಟ್ಟಿಲ ಮೇಲೆ ಕೂತು ಇಬ್ಬರೂ ಮೆಂತೆ ಸೊಪ್ಪು ಸೋಸುತ್ತಿದ್ದೆವು.

"ಮೂರಕ್ಕ ಮಾತ್ರ ನಾ ಕೊಡಂಗಿಲ್ರಿ ಅಕ್ಕಾರ. ದೇವರ ಹೆಸರಿಗೆ, ಔಷಧಕ್ಕ, ಮನಷ್ಯಾರ ಹೆಸರಿಗೆ. ಇವು ಮೂರು ಪೂರಾ ಇರಬೇಕು."

"ಹುಡುಗಿಗಿ ಹೇಳೀರೇನು?"

"ಹೇಳಬೇಕು. ವ್ಯಾಳೆ ಬಂದಾಗ ಹೇಳ್ತೀನಿ."

ಆ ವೇಳೆ ಬಂದಾಗ ಆಕೆ ಊರಲ್ಲಿರಲಿಲ್ಲ. ಗಂಡನಿಗೆ ನಾಸಿಕಕ್ಕೆ ಬದಲಿಯಾಗಿ, ಮನೆ ನೋಡಲು ಹೋಗಿದ್ದರು. ಆ ವರ್ಷ ನಮ್ಮ ಬಳಗದವರು, ಬಟ್ಟೆಯ ಬ್ಯಾನರ್ ಹಳೆಯದಾಯಿತು, ಎಲ್ಲರ ಹಾಗೆ ಫ್ಲೆಕ್ಸ್ ಮಾಡಿಸೋಣ ಎಂದರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಹನ್ನೊಂದು ಶ್ರಾವಣ ಬರೆದವಳನ್ನು. "ನಿಮ್ಮ ಮಗಳ ಕಡಿಂದಾನೇ ಮಾಡಸ್ರಿ, ಮನ್ಯಾಗೇ ಆಯ್ತಲ್ಲ" ಎಂದರು.

ನಾನು ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಮಗಳು ಬಂದು ಕೇಳಿದಳು, "ಅಮ್ಮಾ, ಮಾವಶಿದು ಫಾಂಟ್ ಹಾಕಲಿ? ಮಸ್ತ್ ಕಾಣ್ತದ."

ಆಕೆಯ ಮಾತು ನನಗೆ ಅಕ್ಷರಕ್ಕೆ ಅಕ್ಷರ ನೆನಪಿತ್ತು. ಜರಡಿ ನಿಲ್ಲಿಸದೆ ಹೇಳಿದೆ: "ಹಾಕು. ಎಲ್ಲಾರಿಗೂ ಅದೇ ಬೇಕಾಗ್ಯದಲ್ಲ."

ಆ ಸೋಮವಾರ ಸಭಾಗೃಹದಲ್ಲಿ ಬ್ಯಾನರ್ ಬಿಚ್ಚಿದರು. ಕುಂಕುಮದ ಬಣ್ಣದ ಮೇಲೆ ಬಿಳಿಯ 'ಓಂ ನಮಃ ಶಿವಾಯ', ಆಳೆತ್ತರ. ಪ್ರತಿ ಅಕ್ಷರದ ಮೈಯಲ್ಲೂ ಕೆಂಪು ಬಿರುಕು. ಬಳಗದ ಹಿರಿಯ ಅಜ್ಜಿ ಕನ್ನಡಕ ಸರಿ ಮಾಡಿಕೊಂಡು ನೋಡಿದರು.

"ಇದೇನವಾ? ಮುಕ್ಕಾದ ಮೂರ್ತಿ ಮನ್ಯಾಗ ಇಡಂಗಿಲ್ಲ ನಾವು. ಶಿವನ ಹೆಸರಿಗೇ ಬಿರುಕು ಬಿಡಿಸಿ ನಿಂದ್ರಸೀರಿ. ಯಾರ ಕೆಲಸ ಇದು?"

ಭಜನೆಯ ತಾಳ ನಿಂತಿತು. ಆಕೆ ನಾಸಿಕದ ಬಸ್ಸಿಳಿದು ಆಗಷ್ಟೇ ಒಳಗೆ ಬಂದಿದ್ದಳು, ಹೆಗಲಲ್ಲಿ ಚೀಲ ಹಾಗೇ ಇತ್ತು. ಎಲ್ಲರೂ ಆಕೆಯನ್ನು ನೋಡಿದರು. ನಾನು ಬಯಸಿದ್ದೂ ಅದನ್ನೇ. ಆದರೆ ಆಮೇಲೆ ಎಲ್ಲರೂ ನನ್ನ ಮಗಳನ್ನು ನೋಡಿದರು. ಅದನ್ನು ನಾನು ಎಣಿಸಿರಲಿಲ್ಲ. ಹುಡುಗಿಯ ಮುಖ ಬಾಡಿ ಸಣ್ಣಗಾಯಿತು. ಅಮ್ಮ ಹಾಕು ಅಂದಳು ಎಂದು ಅನ್ನಬಹುದಿತ್ತು. ಅನ್ನಲಿಲ್ಲ.

"ಹುಡುಗಿದು ತಪ್ಪಿಲ್ರಿ ಆಯಿ" ಎಂದಳು ಆಕೆ. "ದೇವರ ಹೆಸರಿಗಿ ಹಾಕಬಾರದು ಅಂತ ನಾ ಹೇಳಬೇಕಾಗಿತ್ತು. ಯಾರಿಗೂ ಹೇಳಿಲ್ಲ."

ಯಾರಿಗೂ. ಆ ಮಾತು ಆಡುವಾಗ ಆಕೆ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಸಿಟ್ಟಾದರೂ ಮಾಡಬಹುದಿತ್ತು.

ಚೀಲ ಕೆಳಗಿಟ್ಟಳು. ಪೂಜೆಗೆ ಇಟ್ಟ ತಟ್ಟೆಯಿಂದ ವಿಭೂತಿ ತೆಗೆದು, ನೀರು ಹಾಕಿ, ದೋಸೆಯ ಹಿಟ್ಟಿನ ಹದಕ್ಕೆ ಕಲಸಿದಳು. ಸ್ಟೂಲಿನ ಮೇಲೆ ನಿಂತು ಮೊದಲ ಬಿರುಕಿಗೆ ಬೆರಳಿಂದ ತುಂಬಿದಳು. ಬಿಳಿ ಅಕ್ಷರದಲ್ಲಿ ಬಿಳಿ ವಿಭೂತಿ. ಬಿರುಕು ಮುಚ್ಚಿತು. "ಬರ್ರಿ ಆಯಿ, ಓಂಕಾರ ನೀವು ಮುಗಸ್ರಿ" ಎಂದಳು. ಅಜ್ಜಿ ಎದ್ದರು. ಅವರ ಹಿಂದೆ ಸೊಸೆ, ಸೊಸೆಯ ಹಿಂದೆ ಎಲ್ಲರೂ. ಐವತ್ತು ಹೆಣ್ಣುಮಕ್ಕಳು ಸಾಲು ಹಚ್ಚಿ ಶಿವನ ಹೆಸರನ್ನು ಬೆರಳಿಂದ ಮುಟ್ಟಿ ಪೂರ್ಣ ಮಾಡಿದರು. ಯಾರೋ ಹಾಡಲು ಶುರು ಮಾಡಿದರು. ಅಜ್ಜಿಯ ಕಣ್ಣಲ್ಲಿ ನೀರು ಬಂತು. ನಾನು ಪ್ರಸಾದದ ಅನ್ನ ತಳ ಹತ್ತಿತೇನೋ ಎಂದು ಒಳಗೆ ಹೋದೆ. ತಳ ಹತ್ತಿರಲಿಲ್ಲ.

ಅಂದಿನಿಂದ ಅದೇ ಪದ್ಧತಿಯಾಗಿದೆ. ಪ್ರತಿ ಶ್ರಾವಣವೂ ಬಿರುಕಿನ ಅಕ್ಷರದ ಬ್ಯಾನರೇ ಮಾಡಿಸುತ್ತಾರೆ, ವಿಭೂತಿ ತುಂಬುತ್ತಾರೆ. ಬೇಡವೆಂದು ಹೇಳಿ ಆಕೆಗೇ ಸಾಕಾಯಿತು. ನಾಸಿಕಕ್ಕೆ ಹೋದ ಮೇಲೂ ಆ ದಿನ ಬಸ್ಸು ಹಿಡಿದು ಬರುತ್ತಿದ್ದಳು. ನಾನು ಪ್ರತಿ ವರ್ಷ ಒಳಗೆ ಅನ್ನದ ಹತ್ತಿರ ನಿಲ್ಲುತ್ತಿದ್ದೆ. ನನ್ನ ಹನ್ನೊಂದು ವರ್ಷದ ಪೂರ್ಣ ಅಕ್ಷರವನ್ನು ಒಬ್ಬರಾದರೂ ಬೆರಳಿಂದ ಮುಟ್ಟಿದ್ದರೇ? ತಪ್ಪಿಲ್ಲದ್ದನ್ನು ಯಾರು ಮುಟ್ಟುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಸಮಾಧಾನ ಆಗಲಿಲ್ಲ.

ಆಕೆಯ ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಅನ್ನಿಸಿದ್ದುಂಟು. ಕೇಳಿದರೆ, "ಇರಲಿ ಬಿಡ್ರಿ ಅಕ್ಕಾರ" ಅನ್ನುತ್ತಿದ್ದಳು. ಅಲ್ಲೂ ಆಕೆಯೇ ದೊಡ್ಡವಳಾಗುತ್ತಿದ್ದಳು. ಅದಕ್ಕೇ ಕೇಳಲಿಲ್ಲ. ಮಗಳಿಗೆ ನಾಸಿಕದಲ್ಲಿ ಕೆಲಸ ಸಿಕ್ಕಿ ಆಕೆಯ ಮನೆಯ ಮೇಲಿನ ಕೋಣೆಯಲ್ಲೇ ಇರತೊಡಗಿದ ಮೇಲಂತೂ ಬಾಯಿ ಪೂರ್ತಿ ಕಟ್ಟಿತು. ಮಗಳು ಫೋನಿನಲ್ಲಿ "ಇವತ್ತ ಮಾವಶಿ ಪುಂಡಿಪಲ್ಯ ಮಾಡಿದ್ಲು" ಅಂದರೆ, ಆ ದಿನ ನಾನೂ ಪುಂಡಿಪಲ್ಯ ಮಾಡುತ್ತಿದ್ದೆ. ತಿನ್ನುವವರು ಇಬ್ಬರೇ.

ಇಷ್ಟೆಲ್ಲ ಮನಸ್ಸಿನಲ್ಲಿ ಸುತ್ತಿ ಬರುವಷ್ಟರಲ್ಲಿ ಫೋನಿನ ಆ ತುದಿಯಲ್ಲಿ ಮಗಳು ಮೂಗು ಒರೆಸಿಕೊಂಡಳು.

"ಅಮ್ಮಾ, ಸಂಜಿಮುಂದ ಮಣ್ಣು ಮಾಡ್ತಾರ. ಫೋಟೋದ ಕೆಳಗ ಹೆಸರು ಹಾಕಬೇಕು. ನೀ ಬರದು ಕಳಸ್ತೀ?"

"ನಿನ್ನ ಕಡಿ ಆಕಿದೇ ಅಕ್ಷರ ಇದ್ದಾವಲ್ಲ."

"ಮಾವಶಿನೇ ಹೇಳಿದ್ಲು. 'ನನ್ನ ಹೆಸರು ಬರಿಯೋ ವ್ಯಾಳೆ ಬಂದ್ರ ನಿಮ್ಮಮ್ಮನ ಕಡಿಂದ ಬರಸು. ಮನಷ್ಯಾರ ಹೆಸರು ಪೂರಾ ಇರಬೇಕು. ಪೂರಾ ಬರಿಯೋರು ಅವರೊಬ್ಬರೇ' ಅಂತ."

ಇಷ್ಟು ವರ್ಷ ಒಬ್ಬರ ಬಾಯಿಂದಲಾದರೂ ಬರಲಿ ಎಂದು ಕಾದ ಮಾತು. ಅದನ್ನೂ ಆಕೆಯೇ ಆಡಿ ಹೋಗಿದ್ದಳು, ತಿರುಗಿ ಉತ್ತರ ಕೊಡಲು ಬಾರದಂತೆ. ಹೊಟ್ಟೆಯಲ್ಲಿ ಹಳೆಯ ಉರಿ ಎದ್ದಿತು. ಆ ಉರಿಯಲ್ಲೇ ಬಾಯಿ ಬಿಟ್ಟೆ.

"ಆ ಬ್ಯಾನರಿಗಿ ಹಾಕು ಅಂತ ನಾ ಗೊತ್ತಿದ್ದೇ ಹೇಳಿದ್ದೆ. ಆಕಿ ನನಗ ಮೊದಲೇ ಹೇಳಿದ್ಲು, ದೇವರ ಹೆಸರಿಗಿ ಬ್ಯಾಡ ಅಂತ."

"ಗೊತ್ತದ ಅಮ್ಮಾ."

"ಆಕಿ ಹೇಳಿದ್ಲೇನು?"

"ಇಲ್ಲ. ಆವತ್ತ ವಿಭೂತಿ ತುಂಬಲಿಕ್ಕ ಎಲ್ಲಾರೂ ಎದ್ರು. ನೀ ಒಬ್ಬಾಕಿ ಒಳಗ ಹೋದಿ." ಮತ್ತೆ ಮೂಗು ಒರೆಸಿಕೊಂಡಳು. "ಲೌಕರ್ ಕಳಸು, ಪ್ರಿಂಟಿನವ ಕುಂತಾನ."

ಲೌಕರ್ ಅಂದರೆ ಬೇಗ. ಬೈಗುಳ ಅಷ್ಟಕ್ಕೇ ಮುಗಿಯಿತು.

ಬಿಳಿ ಹಾಳೆ, ಬ್ಯಾನರಿನ ಕಾಲದ ಕುಂಚ, ಕರಿ ಶಾಯಿ ತಂದು ಕೂತೆ. ಆಕೆಯ ಹೆಸರಿನ ಮೊದಲ ಅಕ್ಷರ ಎಳೆದೆ. ಶಾಯಿ ಹಿಡಿಯಲೇ ಇಲ್ಲ. ನಡುನಡುವೆ ಬಿಳಿ ಉಳಿಯಿತು, ಅಂಚು ಒಡೆಯಿತು. ಕೈಯ ಶೇಂಗಾ ಎಣ್ಣೆ ಹಾಳೆಗೆ ಹತ್ತಿತ್ತು. ಹಟಕ್ಕೆ ಹೆಸರು ಪೂರ್ತಿ ಬರೆದೆ. ಆಕೆ ಸಿಪ್ಪೆ ಉದುರಿಸಿ, ನಾರು ತಿಕ್ಕಿ ಬರಿಸುತ್ತಿದ್ದ ಮುಪ್ಪು ನನ್ನ ದುಂಡು ಅಕ್ಷರಕ್ಕೆ ತಾನಾಗಿಯೇ ಬಂದಿತ್ತು. ಚಂದವೂ ಇತ್ತು, ಸುಳ್ಳೇಕೆ ಹೇಳಲಿ. ಆಕೆ ನೋಡಿದ್ದರೆ ಬುಟ್ಟಿ ಹಿಡಿದು ಬರುತ್ತಿದ್ದಳು.

ಎದ್ದು ಕಡಲೆಹಿಟ್ಟಿನಿಂದ ಕೈ ತೊಳೆದೆ, ಎರಡು ಸಲ. ಬೇರೆ ಹಾಳೆ ತೆಗೆದೆ. ಹಣೆಗೆ ವಿಭೂತಿ ಹಚ್ಚಿಕೊಂಡು, ಮೊದಲ ಸಲ ಮನಸ್ಸಿನೊಳಗೂ 'ರೀ' ಎಂದು, ಬರೆದೆ. ಒಂದು ಹನಿ ಆಚೀಚೆ ಹೋಗಲಿಲ್ಲ. ಒಂದು ಬಿರುಕು ಇರಲಿಲ್ಲ. ಫೋಟೋ ತೆಗೆದು ಕಳಿಸಿದೆ. ಮಗಳಿಂದ ಎರಡು ಕೈ ಜೋಡಿಸಿದ ಚಿತ್ರ ಬಂತು. ಇವತ್ತಿನ ಎಣಿಕೆಗೆ ಒಂದು ಸಿಕ್ಕಿತು.

ಒಡೆದ ಅಕ್ಷರದ ಹಾಳೆಯನ್ನು ಕಸಕ್ಕೆ ಹಾಕಲು ಕೈ ಬರಲಿಲ್ಲ, ದೇವರ ಮುಂದೆ ಇಡಲು ಮನಸ್ಸು ಬರಲಿಲ್ಲ. ಮಡಚಿ ಜೋಳದ ಹಿಟ್ಟಿನ ಡಬ್ಬಿಯ ಕೆಳಗೆ ಇಟ್ಟೆ.

ಮನೆಯವರು ವಾಳೂಜದಿಂದ ಬಂದು ಹೊರಟರೆ ಮಣ್ಣು ಮಾಡುವ ಹೊತ್ತಿಗೆ ಮುಟ್ಟುವುದಿಲ್ಲ, ನಾಳೆ ಮುಂಜಾನೆಯ ಬಸ್ಸೇ. ಆಕೆಯ ಗಂಡ ಹೊರಗಿನದು ತಿನ್ನುವವರಲ್ಲ. ರೊಟ್ಟಿ, ಹಿಂಡಿ ಕಟ್ಟಿಕೊಂಡು ಹೋಗಬೇಕು. ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡು, ಉಳಿದ ಕೆಂಪು ಶೇಂಗಾವನ್ನು ಅಂಗೈಗೆ ತೆಗೆದುಕೊಂಡೆ.